ಟಬ್ಬಿನ ಕೆಳಗಿನ 50 ಎಂಎಂ ನೀರು

ಲುಸೈಲ್‌ನ ಟವರುಗಳಲ್ಲಿ ಫಿನಿಶಿಂಗ್ ಕೆಲಸಕ್ಕೆ ಹೋಗುವ ನಮ್ಮ ಕಡೆ ಹುಡುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: "ಅಣ್ಣಾ, ಬಾತ್‌ರೂಮಿನ ನಡುವೆ ನಿಲ್ಲೋ ಟಬ್ಬಿಗೆ ವೇಸ್ಟ್ ಪೈಪು, ಟ್ರ್ಯಾಪು ಹೆಂಗೆ ಹಾಕೋದು? ಕೆಳಗೆ ಕೈನೇ ಹೋಗಲ್ಲವಲ್ಲ!" ಪ್ರಶ್ನೆ ಸರಿಯಾಗಿಯೇ ಇದೆ. ಈ ಕೆಲಸದ ಕಷ್ಟವೆಲ್ಲ ಆ "ಕೈ ಹೋಗಲ್ಲ" ಎಂಬ ಮಾತಿನಲ್ಲೇ ಇದೆ.

ಹಳೇ ನಮೂನೆಯ ಟಬ್ ಮೂರು ಕಡೆ ಗೋಡೆಗೆ ಒತ್ತಿಕೊಂಡು ಕೂರುತ್ತಿತ್ತು. ಮುಂದೆ ಬ್ಲಾಕ್ ಕಟ್ಟಿ ಟೈಲ್ಸ್ ಹಚ್ಚಿ, ಒಂದು ಮೂಲೆಯಲ್ಲಿ ಸಣ್ಣ ಬಾಗಿಲು ಬಿಡುತ್ತಿದ್ದರು. ಸೋರಿದರೆ ಆ ಬಾಗಿಲು ತೆಗೆದು, ಹೊಟ್ಟೆ ಮೇಲೆ ಮಲಗಿ ಕೈ ಚಾಚಿದರೆ ನಟ್ ಸಿಗುತ್ತಿತ್ತು. ಈಗಿನ ಫ್ರೀಸ್ಟ್ಯಾಂಡಿಂಗ್ ಟಬ್ಬಿಗೆ ಆ ಬಾಗಿಲಿಲ್ಲ. ಮೊಟ್ಟೆಯ ಆಕಾರದ ಬಿಳಿ ಟಬ್ಬು ಟೈಲ್ಸಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ, ಸುತ್ತ ನಾಲ್ಕು ಕಡೆಯಿಂದಲೂ ಕಾಣುತ್ತದೆ, ಆದರೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಇಳಿಸಿ ಕೂರಿಸಿ ಬುಡಕ್ಕೆ ಸಿಲಿಕಾನ್ ಎಳೆದ ಮೇಲೆ ಟ್ರ್ಯಾಪ್ ನೋಡಬೇಕೆಂದರೆ ಇಡೀ ಟಬ್ಬನ್ನೇ ಎತ್ತಬೇಕು.

ಸೋರಿದರೆ ಏನಾಗುತ್ತದೆ ಅಂತ ಟವರಿನಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಹನಿ ಹನಿಯಾಗಿ ಇಳಿದ ನೀರು ಮೊದಲು ಸ್ಕ್ರೀಡಿನೊಳಗೆ ಹರಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ವಾರಗಟ್ಟಲೆ ಆದ ಮೇಲೆ ಕೆಳಗಿನ ಫ್ಲಾಟಿನ ಜಿಪ್ಸಮ್ ಸೀಲಿಂಗಿನಲ್ಲಿ ಚಹಾ ಚೆಲ್ಲಿದ ಹಾಗೆ ಹಳದಿ ಕಲೆ ಮೂಡುತ್ತದೆ. ಆಮೇಲೆ ವಿಚಾರಣೆ ಶುರು. ಯಾವ ಫ್ಲಾಟು, ಯಾವ ತಾರೀಖು, ಆವತ್ತು ಆ ಫ್ಲೋರಿನಲ್ಲಿ ಯಾರಿದ್ದರು? ಟಬ್ ಎತ್ತುವಾಗ ಮಾರ್ಬಲ್ ಗೀಚಿದರೆ ಅದೊಂದು ಬೇರೆ ಬಾಬತ್ತು. ಚಿಲ್ಲರೆ ಕಾಸಿನ ವಾಷರ್ ತಿರುಗುಮುರುಗು ಕೂತದ್ದಕ್ಕೆ ನಾಲ್ಕು ಜನರ ಎರಡು ದಿನದ ಕೆಲಸ ಮಣ್ಣುಪಾಲು. ಬೈಗುಳ ಇಂಜಿನಿಯರಿಂದ ಫೋರ್‌ಮನ್‌ಗೆ, ಫೋರ್‌ಮನ್‌ನಿಂದ ಪ್ಲಂಬರಿಗೆ, ಪ್ಲಂಬರಿಂದ ಹೆಲ್ಪರಿಗೆ ಇಳಿಯುತ್ತದೆ. ಬೈಗುಳಕ್ಕೆ ವಾಟ ಕೊಡಬೇಕಾಗಿಲ್ಲ, ತಾನಾಗೇ ಇಳಿಯುತ್ತೆ.

ಅದಕ್ಕೇ ಈ ಸಂಚಿಕೆಯಲ್ಲಿ ಈ ಒಂದೇ ಕೆಲಸವನ್ನು ಬಿಡಿಸಿ ಬರೆಯುತ್ತಿದ್ದೇವೆ. ಹೇಗೆ ಹಾಕೋದು ಎನ್ನುವುದಕ್ಕಿಂತ ಮೊದಲು, ಯಾಕೆ ಹಾಕೋದು ಅಂತ ನೋಡೋಣ. ಯಾಕೆ ಅಂತ ಗೊತ್ತಿದ್ದವನು ಸೈಟ್ ಬದಲಾದರೂ, ಬ್ರ್ಯಾಂಡ್ ಬದಲಾದರೂ ತಡವರಿಸುವುದಿಲ್ಲ.

ಬಚ್ಚಲ ಮೋರಿ ಮತ್ತು ಟವರಿನ ಸ್ಟ್ಯಾಕ್

ನಮ್ಮಲ್ಲಿ ಬಹಳ ಮಂದಿ ಬೆಳೆದ ಮನೆಗಳಲ್ಲಿ ಟ್ರ್ಯಾಪ್ ಎಂಬ ವಸ್ತುವೇ ಇರಲಿಲ್ಲ. ಬಚ್ಚಲಲ್ಲಿ ಒಲೆ, ಒಲೆ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ಒಂದು ಕಲ್ಲು ಹಾಸು. ಮೈ ತೊಳೆದ ನೀರು ಮೋರಿ ಹಿಡಿದು ಹಿತ್ತಿಲಿಗೆ ಹೋಗಿ ಬಾಳೆ ಬುಡಕ್ಕೋ ತೆಂಗಿನ ಬುಡಕ್ಕೋ ಸೇರುತ್ತಿತ್ತು. ದೀಪಾವಳಿಗೆ ಮುಂಚಿನ ದಿನ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿದವರು ಈ ಬಳಗದಲ್ಲೂ ಇದ್ದಾರೆ. ಆ ಮೋರಿಗೆ ಟ್ರ್ಯಾಪ್ ಬೇಕಿರಲಿಲ್ಲ, ಯಾಕೆಂದರೆ ಅದರ ಇನ್ನೊಂದು ತುದಿ ಬಯಲಿಗೆ ತೆರೆದಿತ್ತು. ಗಾಳಿ ನಿಲ್ಲಲು ಜಾಗವೇ ಇಲ್ಲ. ಬಹಳ ಆಯಿತೆಂದರೆ ಒಂದು ಕಪ್ಪೆ ಒಳಗೆ ಬರುತ್ತಿತ್ತು.

ಟವರಿನ ಕಥೆ ಬೇರೆ. ಇಪ್ಪತ್ತು ಮೂವತ್ತು ಮಹಡಿಯ ಬಾತ್‌ರೂಮುಗಳು ಒಂದೇ ನಿಲುವು ಪೈಪಿಗೆ ಸೇರುತ್ತವೆ. ಅದನ್ನೇ ಸ್ಟ್ಯಾಕ್ ಅನ್ನುತ್ತೇವೆ. ಆ ಪೈಪು ಕೆಳಗೆ ಹೋಗಿ ಒಳಚರಂಡಿಗೆ ಸೇರುತ್ತದೆ. ಅದರೊಳಗೆ ಯಾವಾಗಲೂ ಕೊಳಕು ಗಾಳಿ ಇರುತ್ತದೆ: ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್, ಹೊತ್ತಿಕೊಳ್ಳಬಲ್ಲ ಮೀಥೇನ್, ಮೇಲೆ ರೋಗಾಣು, ಜಿರಲೆ. ಮನೆಯೊಳಗಿನ ಗಾಳಿಗೂ ಆ ಗಾಳಿಗೂ ನಡುವೆ ಇರುವ ಗೋಡೆ ಯಾವುದು? ಟ್ರ್ಯಾಪಿನ ಬಾಗಿದ ಹೊಟ್ಟೆಯಲ್ಲಿ ನಿಂತ ನೀರು, ಅಷ್ಟೇ. ಟಬ್ಬಿನ ಟ್ರ್ಯಾಪಿಗೆ ಬ್ರಿಟನ್ನಿನ ನಿಯಮ ಕೇಳುವುದು ಕನಿಷ್ಠ 50 ಎಂಎಂ ಆಳದ ನೀರು. ಎರಡು ಇಂಚು. ಅಮೆರಿಕದ ಕೋಡುಗಳೂ ಅದನ್ನೇ ಕೇಳುತ್ತವೆ. ಇದಕ್ಕೆ ವಾಟರ್ ಸೀಲ್ ಅಂತ ಹೆಸರು.

ಈ ಉಪಾಯವನ್ನು ಕಾಗದದ ಮೇಲೆ ಇಳಿಸಿ ಪೇಟೆಂಟ್ ತೆಗೆದುಕೊಂಡವನು ಪ್ಲಂಬರ್ ಅಲ್ಲ, ಗಡಿಯಾರ ಮಾಡುವವನು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಕಕ್ಕಸಿನ ಪೈಪನ್ನು ಎಸ್ ಅಕ್ಷರದ ಹಾಗೆ ಬಗ್ಗಿಸಿ ಅದರೊಳಗೆ ನೀರು ನಿಲ್ಲಿಸಿದ. ಇನ್ನೂರೈವತ್ತು ವರ್ಷವಾದರೂ ಅದಕ್ಕಿಂತ ಸರಳವಾದದ್ದು ಬಂದಿಲ್ಲ. ಸ್ಪ್ರಿಂಗಿಲ್ಲ, ಕರೆಂಟಿಲ್ಲ.

ಆ ನೀರು ಇಲ್ಲದಿದ್ದರೆ ಬರೀ ವಾಸನೆ ತಾನೇ, ಏರ್ ಫ್ರೆಶ್‌ನರ್ ಹೊಡೆದರಾಯಿತು ಅನ್ನುವವರಿಗೆ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ನೆನಪಿಸಬೇಕು. 2003ರ ಮಾರ್ಚಿನಲ್ಲಿ ಸಾರ್ಸ್ ರೋಗ ಆ ಎತ್ತರದ ವಸತಿ ಸಮುಚ್ಚಯದಲ್ಲಿ ಒಮ್ಮೆಲೇ ಹರಡಿತು. ಏಪ್ರಿಲ್ ಮಧ್ಯದ ಹೊತ್ತಿಗೆ ಅದೊಂದೇ ಸಮುಚ್ಚಯದಲ್ಲಿ 321 ಮಂದಿಗೆ ರೋಗ ತಗಲಿತ್ತು. ತನಿಖೆ ಮಾಡಿದವರ ಕಣ್ಣು ಬಿದ್ದದ್ದು ಬಾತ್‌ರೂಮಿನ ಫ್ಲೋರ್ ಟ್ರ್ಯಾಪ್ ಮೇಲೆ. ಅಲ್ಲಿನವರು ನೆಲವನ್ನು ನೀರು ಸುರಿದು ತೊಳೆಯುತ್ತಿರಲಿಲ್ಲ, ಒರೆಸುತ್ತಿದ್ದರು. ಹೀಗಾಗಿ ಎಷ್ಟೋ ಫ್ಲಾಟುಗಳ ಟ್ರ್ಯಾಪ್ ಒಣಗಿತ್ತು. ಎಗ್ಸಾಸ್ಟ್ ಫ್ಯಾನ್ ಹಾಕಿದಾಗ ಸ್ಟ್ಯಾಕಿನ ಗಾಳಿ, ಅದರ ಜೊತೆ ರೋಗಾಣು ತುಂಬಿದ ಹನಿಗಳು, ಬಾತ್‌ರೂಮಿಗೆ ಎಳೆದುಕೊಂಡು ಬಂದವು ಎಂಬುದು ತನಿಖೆಯಲ್ಲಿ ಕಂಡ ಮುಖ್ಯ ದಾರಿ. ಟ್ರ್ಯಾಪಿನಲ್ಲಿ ಎರಡು ಲೋಟ ನೀರು ಇದ್ದಿದ್ದರೆ ಆ ದಾರಿ ಮುಚ್ಚಿರುತ್ತಿತ್ತು.

ಮೊದಲು ಡ್ರಾಯಿಂಗ್, ಆಮೇಲೆ ಸ್ಪ್ಯಾನರ್

ಕೆಲಸ ಶುರುವಾಗುವುದು ಟಬ್ ಬಂದ ದಿನ ಅಲ್ಲ. ಸ್ಕ್ರೀಡ್ ಹಾಕುವುದಕ್ಕೂ ಮೊದಲೇ, ಪೈಪಿನ ಬಾಯಿ ನೆಲದಿಂದ ಎಲ್ಲಿ ಮೇಲೆ ಬರಬೇಕು ಅಂತ ತೀರ್ಮಾನ ಆಗುತ್ತದಲ್ಲ, ಆಗ. ಟಬ್ಬಿನ ಕಂಪನಿ ಕೊಡುವ ಶೀಟಿನಲ್ಲಿ ವೇಸ್ಟಿನ ತೂತು ಅಂಚಿನಿಂದ ಎಷ್ಟು ದೂರ ಅಂತ ಬರೆದಿರುತ್ತದೆ. ಆ ಅಳತೆ ಟೈಲ್ಸ್ ಹಚ್ಚಿದ ಗೋಡೆಯಿಂದಲೋ, ಬರೀ ಬ್ಲಾಕ್ ಗೋಡೆಯಿಂದಲೋ ನೋಡಿಕೊಳ್ಳಿ. ಪ್ಲಾಸ್ಟರ್, ಅಂಟು, ಟೈಲ್ಸ್ ಸೇರಿ ಗೋಡೆ ಸುಲಭವಾಗಿ 30, 40 ಎಂಎಂ ಮುಂದೆ ಬರುತ್ತದೆ. ಮಧ್ಯದಲ್ಲಿ ನಿಲ್ಲುವ ಟಬ್ಬಿಗೆ ಗೋಡೆಯ ಆಸರೆಯೂ ಇಲ್ಲ, ನೆಪವೂ ಇಲ್ಲ: ಬಾತ್‌ರೂಮಿನ ಸೆಂಟರ್ ಲೈನಿಗೆ 20 ಎಂಎಂ ಆಚೀಚೆ ಆದರೆ ಬಾಗಿಲಲ್ಲಿ ನಿಂತವರಿಗೇ ಸೊಟ್ಟ ಕಾಣುತ್ತದೆ. ಶೀಟನ್ನೂ ಪೂರ್ತಿ ನಂಬಬೇಡಿ. ಒಂದು ಟಬ್ಬನ್ನು ಕಂಬಳಿ ಹಾಸಿ ಮಗುಚಿ ಮಲಗಿಸಿ, ಟೇಪ್ ಹಿಡಿದು ನೀವೇ ಅಳೆಯಿರಿ. ಅದೇ ಮಾಡೆಲ್ ಅರವತ್ತು ಫ್ಲಾಟಿಗೆ ಹೋಗುವುದಾದರೆ ಆ ಹತ್ತು ನಿಮಿಷ ಅರವತ್ತು ಕಡೆ ಉಳಿತಾಯ.

ಡ್ರಾಯಿಂಗಿನಲ್ಲಿ ನೋಡಬೇಕಾದ ಇನ್ನೊಂದು ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಗೊಂದಲ ಹೆಚ್ಚಾಗಿ ಇಲ್ಲೇ. ಟಬ್ಬಿನ ಲೈನ್ ಎಲ್ಲಿಗೆ ಹೋಗುತ್ತದೆ? ಎರಡು ರೀತಿ ಇದೆ. ಒಂದು, ಟಬ್ಬಿಗೆ ಅದರದೇ ಟ್ರ್ಯಾಪ್, ಅಲ್ಲಿಂದ ಬ್ರಾಂಚ್ ಪೈಪು, ಬ್ರಾಂಚಿನಿಂದ ಸ್ಟ್ಯಾಕ್. ಇನ್ನೊಂದು, ಟಬ್ಬು, ಬೇಸಿನ್ ಎರಡರ ನೀರನ್ನೂ ನೆಲದಲ್ಲಿ ಹೂತ ಫ್ಲೋರ್ ಟ್ರ್ಯಾಪಿಗೆ ತರುವುದು. ಊರಲ್ಲಿ ನಾವು ನಹನಿ ಟ್ರ್ಯಾಪ್ ಅನ್ನುತ್ತೇವಲ್ಲ, ಅದರದೇ ದೊಡ್ಡಣ್ಣ, ಪಕ್ಕದಲ್ಲಿ ಎರಡು ಮೂರು ಬಾಯಿ ಇರುತ್ತದೆ. ಗಲ್ಫಿನಲ್ಲಿ ಈ ಎರಡನೇ ರೀತಿ ಬಹಳ ಕಡೆ ಸಿಗುತ್ತದೆ. ಇಲ್ಲಿ ಸೀಲ್ ಇರುವುದು ಫ್ಲೋರ್ ಟ್ರ್ಯಾಪಿನಲ್ಲೇ. ಡ್ರಾಯಿಂಗ್ ಹೇಳದೆ ನೀವೇ ಇರಲಿ ಅಂತ ಟಬ್ಬಿನ ಕೆಳಗೆ ಇನ್ನೊಂದು ಟ್ರ್ಯಾಪ್ ಹಾಕಿದರೆ, ಎರಡು ನೀರಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿಗೆ ಹೋಗಲು ದಾರಿ ಇಲ್ಲ, ನೀರಿಗೂ ಹೋಗಲು ಬಿಡುವುದಿಲ್ಲ. ಟಬ್ಬು ಗುಳುಗುಳು ಅಂತ ತೇಗುತ್ತಾ ಮೆಲ್ಲಗೆ ಖಾಲಿಯಾಗುತ್ತದೆ. ಪ್ಲಂಬಿಂಗ್‌ನಲ್ಲಿ ಎರಡು ಬೀಗ ಹಾಕಿದರೆ ಭದ್ರತೆ ಹೆಚ್ಚುವುದಿಲ್ಲ. ಡ್ರಾಯಿಂಗಿನಲ್ಲಿ ಎರಡೂ ಕಂಡರೆ ಸುಮ್ಮನೆ ಹಾಕಿಬಿಡಬೇಡಿ, ಫೋರ್‌ಮನ್ ಹತ್ತಿರ ಕೇಳಿ.

ಟಬ್ಬಿಗೇ ಟ್ರ್ಯಾಪ್ ಬೇಕಾದ ಕಡೆ ಎತ್ತರದ ಲೆಕ್ಕ ಬರುತ್ತದೆ. 50 ಎಂಎಂ ಸೀಲ್ ಇರುವ ಟ್ರ್ಯಾಪಿನ ಒಟ್ಟು ಎತ್ತರ 100 ಎಂಎಂ ಹತ್ತಿರ ಹೋಗುತ್ತದೆ. ಟಬ್ಬಿನ ಅಡಿಗೂ ನೆಲಕ್ಕೂ ಅಷ್ಟು ಜಾಗ ಬಹಳ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಆಗ ಟ್ರ್ಯಾಪ್ ನೆಲದೊಳಗೆ ಇಳಿಯಬೇಕು, ಅದಕ್ಕೆ ಸ್ಕ್ರೀಡಿನಲ್ಲಿ ಗುಂಡಿ ಬಿಡಬೇಕು. ಗುಂಡಿ ಬಿಡುವುದು ಮರೆತರೆ ಕೆಲವರು ಅಂಗಡಿಯಿಂದ ತಗ್ಗು ಟ್ರ್ಯಾಪ್ ತರುತ್ತಾರೆ. ಅದರಲ್ಲಿ ಸೀಲ್ ಬರೀ 20 ಎಂಎಂ ಆಸುಪಾಸು. ಅಂಥದ್ದು ಹೊರಗಿನ ತೆರೆದ ಗಲ್ಲಿಗೆ ನೀರು ಬಿಡುವ ಮನೆಗೆ ಸರಿ, ನಮ್ಮ ಬಚ್ಚಲ ಮೋರಿಯ ಹಾಗೆ. ಟವರಿನ ಸ್ಟ್ಯಾಕಿಗೆ ಅಲ್ಲ. ಮೇಲಿನ ಮಹಡಿಯಿಂದ ನೀರು ಧಡಾರನೆ ಇಳಿದಾಗ ಸ್ಟ್ಯಾಕಿನಲ್ಲಿ ಗಾಳಿಯ ಎಳೆತ ಹುಟ್ಟುತ್ತದೆ, 20 ಎಂಎಂ ನೀರನ್ನು ಅದು ಹೀರಿ ಒಯ್ಯಬಹುದು.

ವಾಟದ ಬಗ್ಗೆ. ಬ್ರಿಟನ್ನಿನ ನಿಯಮದಲ್ಲಿ 40 ಎಂಎಂ ಟಬ್ ಪೈಪಿಗೆ ಮೀಟರಿಗೆ 18ರಿಂದ 90 ಎಂಎಂ ಇಳಿಜಾರು, ಉದ್ದ 3 ಮೀಟರ್ ಮೀರಬಾರದು. 50 ಎಂಎಂ ಪೈಪಾದರೆ 4 ಮೀಟರ್. ಅಮೆರಿಕದ ಲೆಕ್ಕ ಅಡಿಗೆ ಕಾಲು ಇಂಚು, ಅಂದರೆ ಮೀಟರಿಗೆ ಸುಮಾರು 20 ಎಂಎಂ. ನಿಮ್ಮ ಸೈಟಿನ ಸ್ಪೆಸಿಫಿಕೇಶನ್ ಏನು ಹೇಳುತ್ತದೋ ಅದೇ ಕೊನೇ ಮಾತು, ಆದರೆ 20 ಅಂತ ತಲೆಯಲ್ಲಿಟ್ಟುಕೊಂಡರೆ ಸಾಕು. ಕ್ಯಾಲ್ಕುಲೇಟರ್ ಬೇಡ. 600 ಎಂಎಂ ಉದ್ದದ ರಸಮಟ್ಟದ ಒಂದು ತುದಿಯ ಕೆಳಗೆ 12 ಎಂಎಂ ದಪ್ಪದ ಚೂರು ಟೇಪ್ ಹಾಕಿ ಅಂಟಿಸಿ. ಆ ತುದಿ ನೀರು ಹೋಗುವ ಕಡೆ ಇರಲಿ. ಗುಳ್ಳೆ ನಡುವೆ ನಿಂತರೆ ಮೀಟರಿಗೆ 20 ಸರಿಯಾಗಿ ಬಂತು. ಎರಡು ಮೀಟರ್ ದೂರದ ಫ್ಲೋರ್ ಟ್ರ್ಯಾಪಿಗೆ 40 ಎಂಎಂ ಇಳಿಯಬೇಕು, ಅಷ್ಟು ಆಳ ಸ್ಕ್ರೀಡಿನಲ್ಲಿ ಇದೆಯಾ ಅಂತ ಟೈಲ್ಸಿನವರು ಬರುವ ಮೊದಲೇ ನೋಡಿ.

ಪೈಪ್ ನೆಲದಿಂದ ಮೇಲೆ ಬಂದ ಕೂಡಲೇ ಬಾಯಿ ಮುಚ್ಚಿ. ಮಾಸ್ಕಿಂಗ್ ಟೇಪಲ್ಲ, ಗಟ್ಟಿ ಕ್ಯಾಪ್. ತಿಂಗಳುಗಟ್ಟಲೆ ಆ ಬಾತ್‌ರೂಮಿನಲ್ಲಿ ಗಾರೆಯವರು, ಟೈಲ್ಸಿನವರು, ಪೇಂಟಿನವರು ಓಡಾಡುತ್ತಾರೆ. ತೆರೆದ ಪೈಪ್ ಕಂಡರೆ ಗ್ರೌಟ್ ತೊಳೆದ ನೀರು ಅದರೊಳಗೇ ಹೋಗುವುದು. ಒಳಗೆ ಗಟ್ಟಿಯಾದ ಸಿಮೆಂಟನ್ನು ಯಾವ ಕೆಮಿಕಲ್ಲೂ ಕರಗಿಸುವುದಿಲ್ಲ, ಟೈಲ್ಸ್ ಒಡೆಯದೆ ದಾರಿಯಿಲ್ಲ. ಪೈಪಿನ ಸುತ್ತ ವಾಟರ್‌ಪ್ರೂಫಿಂಗ್ ಹೊರಳಿ ಮೇಲೆ ಹತ್ತಿದೆಯಾ ಅಂತಲೂ ಕಣ್ಣಾಡಿಸಿ. ಅದು ನಿಮ್ಮ ಕೆಲಸ ಅಲ್ಲದಿರಬಹುದು. ಆದರೆ ನೀರು ನಿಲ್ಲಿಸಿ ಒಂದೆರಡು ದಿನ ಬಿಡುವ ಟೆಸ್ಟಿನಲ್ಲಿ ಸೋರಿದರೆ ಮೊದಲು ಕರೆಯುವುದು ಪ್ಲಂಬರನ್ನೇ.

ಅಂಟಿನ ವಿಷಯ ಬೇಗ ಮುಗಿಸೋಣ. ಯುಪಿವಿಸಿಗೆ ಸಾಲ್ವೆಂಟ್ ಸಿಮೆಂಟ್: ನೇರವಾಗಿ ಕತ್ತರಿಸಿ, ಅಂಚಿನ ಮುಳ್ಳು ತೆಗೆದು, ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಇಲ್ಲಿಯ ಬೇಸಿಗೆಯಲ್ಲಿ ಅಂಟು ಬೇಗ ಕೆನೆ ಕಟ್ಟುತ್ತದೆ, ಹಚ್ಚಿಟ್ಟು ಮಾತಾಡುತ್ತಾ ನಿಂತರೆ ಜಾಯಿಂಟ್ ಹಿಡಿಯುವುದಿಲ್ಲ. ಡಬ್ಬಿಯಲ್ಲಿ ಜೆಲ್ಲಿ ಆಗಿದ್ದರೆ ಎಸೆಯಿರಿ. ಕಪ್ಪು ಎಚ್‌ಡಿಪಿಇ ಪೈಪು, ಬಿಳಿ ಪಾಲಿಪ್ರಾಪಿಲೀನ್ ಟ್ರ್ಯಾಪ್, ಇವೆರಡಕ್ಕೂ ಅಂಟು ಹತ್ತುವುದೇ ಇಲ್ಲ. ಎಚ್‌ಡಿಪಿಇಗೆ ಬಿಸಿ ಮಾಡಿ ಬೆಸುಗೆ, ಟ್ರ್ಯಾಪಿಗೆ ವಾಷರ್ ಮತ್ತು ನಟ್. ಇನ್ನು ಆ ಅಂಟಿನ ಹೊಗೆ ಮುಚ್ಚಿದ ಬಾತ್‌ರೂಮಿನಲ್ಲಿ ತಲೆ ಸುತ್ತಿಸುತ್ತದೆ, ಬೆಂಕಿಯೂ ಹಿಡಿಯುತ್ತದೆ. ಬಾಗಿಲು ತೆರೆದಿಡಿ, ಬೀಡಿ ಸಿಗರೇಟು ಹೊರಗೆ.

ಟಬ್ ಬಂದ ದಿನ

ವೇಸ್ಟ್ ಕಪ್ಲಿಂಗ್ ಹಾಕುವುದು ಟಬ್ ಮಗುಚಿ ಮಲಗಿರುವಾಗ ಅಥವಾ ಮರದ ದಿಮ್ಮಿಗಳ ಮೇಲೆ ಎತ್ತಿಟ್ಟಿರುವಾಗ. ಒಳಗಿನ ಫ್ಲೇಂಜ್ ಕೆಳಗೆ ತೆಳು ವಾಷರ್, ಟಬ್ಬಿನ ಅಡಿಯಲ್ಲಿ ದಪ್ಪ ರಬ್ಬರ್, ಅದರ ಕೆಳಗೆ ಜಾರುವ ಪ್ಲಾಸ್ಟಿಕ್ ಬಿಲ್ಲೆ, ಆಮೇಲೆ ನಟ್. ಸಾಮಾನ್ಯವಾಗಿ ಇದೇ ಕ್ರಮ, ಆದರೂ ಡಬ್ಬದ ಚಿತ್ರ ನೋಡಿ. ಪ್ಲಾಸ್ಟಿಕ್ ಬಿಲ್ಲೆ ಬಿಟ್ಟರೆ ನಟ್ ತಿರುಗುವಾಗ ರಬ್ಬರನ್ನೂ ತಿರುಚಿಕೊಂಡು ಹೋಗುತ್ತದೆ. ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು ಸ್ಪ್ಯಾನರ್, ಸಾಕು. ಅಕ್ರಿಲಿಕ್ ಟಬ್ಬು ಕಬ್ಬಿಣವಲ್ಲ. ಹೆಚ್ಚು ಬಿಗಿ ಮಾಡಿದರೆ ಆವತ್ತು ಏನೂ ಆಗುವುದಿಲ್ಲ, ಯಾರೋ ಬಿಸಿನೀರು ತುಂಬಿದ ದಿನ ಕೂದಲೆಳೆ ಬಿರುಕು ಬಿಡುತ್ತದೆ. ಎಣ್ಣೆ ಬೆರೆತ ಪುಟ್ಟಿಯನ್ನು ಅಕ್ರಿಲಿಕ್‌ಗೂ ಕಲ್ಲಿನ ಟಬ್ಬಿಗೂ ಹಾಕಬೇಡಿ. ಒಂದರಲ್ಲಿ ಬಿರುಕು, ಇನ್ನೊಂದರಲ್ಲಿ ಹೋಗದ ಕಲೆ.

ಟೆಫ್ಲಾನ್ ಟೇಪ್ ನಮ್ಮವರಿಗೆ ವಿಭೂತಿ ಇದ್ದ ಹಾಗೆ, ಎಲ್ಲದಕ್ಕೂ ಬಳಿಯುತ್ತಾರೆ. ಟ್ರ್ಯಾಪಿನ ನಟ್‌ಗೆ ಅದು ಬೇಡ. ಅಲ್ಲಿ ನೀರು ತಡೆಯುವುದು ಚೂಡಿ ಅಲ್ಲ, ಒಳಗಿನ ಇಳಿಜಾರು ಅಂಚಿನ ವಾಷರ್. ಆ ವಾಷರಿನ ಕಿರಿದಾದ ಕಡೆ ಜಾಯಿಂಟಿನ ಒಳಮುಖಕ್ಕೆ, ಅಗಲದ ಕಡೆ ನಟ್ ಕಡೆಗೆ. ಉಲ್ಟಾ ಹಾಕಿದರೆ ತಣ್ಣೀರಿನ ಟೆಸ್ಟಿನಲ್ಲಿ ಪಾಸಾಗಿ ಆಮೇಲೆ ಸೋರುವ ಜಾಯಿಂಟೂ ಉಂಟು. ಟೇಪ್ ಸುತ್ತಿದರೆ ನಟ್ ಸರಿಯಾಗಿ ಕೂರದೆ ವಾಷರ್ ಒತ್ತುವುದೇ ಇಲ್ಲ.

ಟ್ರ್ಯಾಪಿನಿಂದ ನೆಲದ ಪೈಪಿಗೆ ಹೇಗೆ ಸೇರಿಸುವುದು ಎಂಬಲ್ಲಿ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. ಕೈ ಹೋಗದ ಜಾಗ ಅಂತ ಸುಕ್ಕು ಸುಕ್ಕಾದ ಫ್ಲೆಕ್ಸಿಬಲ್ ಪೈಪ್ ಹಾಕುವುದು ಎಲ್ಲರಿಗೂ ಸುಲಭ. ಉದ್ದ ಹೆಚ್ಚಿದ್ದರೂ ಟಬ್ಬಿನ ಕೆಳಗೆ ತುರುಕಬಹುದು. ತುರುಕಿದ ಪೈಪ್ ನಡುವೆ ಜೋತುಬಿದ್ದು ಇನ್ನೊಂದು ಟ್ರ್ಯಾಪ್ ಆಗುತ್ತದೆ, ಸುಕ್ಕಿನಲ್ಲಿ ಕೂದಲು, ಸೋಪಿನ ಜಿಡ್ಡು ಕೂರುತ್ತದೆ. ಅದೇ ದುಡ್ಡಿಗಿಂತ ಸ್ವಲ್ಪ ಹೆಚ್ಚು ಕೊಟ್ಟರೆ ನೆಲಮಟ್ಟದಲ್ಲಿ ಕೂರುವ ಕಿಟ್ ಸಿಗುತ್ತದೆ: ನೆಲದಲ್ಲಿ ರಬ್ಬರ್ ರಿಂಗ್ ಇರುವ ಬಾಯಿ, ಟಬ್ಬಿನಿಂದ ಇಳಿದ ನೇರ ಪೈಪ್ ಅದರೊಳಗೆ ಹೋಗಿ ಕೂರುತ್ತದೆ. ಟಬ್ ಇಳಿಸುತ್ತಲೇ ಜಾಯಿಂಟ್ ಆಗಿಹೋಯಿತು. ಕೊಳ್ಳುವುದು ನಾವಲ್ಲ ನಿಜ. ಆದರೆ ಮಾಕಪ್ ಬಾತ್‌ರೂಮ್ ಮಾಡುವಾಗ ಇಂಜಿನಿಯರ್ ಪಕ್ಕದಲ್ಲೇ ನಿಂತಿರುತ್ತಾರೆ, ಆಗ ಹೇಳಿದರೆ ಕೇಳುವವರೂ ಇದ್ದಾರೆ. ಫ್ಲೆಕ್ಸಿಬಲ್ಲೇ ಕೊಟ್ಟರೆ ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ, ಎಲ್ಲೂ ಜೋತು ಬೀಳದ ಹಾಗೆ ಹಾಕಿ.

ಪೈಪಿಗೆ ಸ್ವಲ್ಪ ಆಡುವ ಜಾಗವೂ ಬೇಕು. ಯುಪಿವಿಸಿ ಪೈಪ್ 3 ಮೀಟರ್ ಉದ್ದವಿದ್ದು 30 ಡಿಗ್ರಿ ಬಿಸಿಯಾದರೆ ಸುಮಾರು 6 ಎಂಎಂ ಬೆಳೆಯುತ್ತದೆ. ಎಚ್‌ಡಿಪಿಇ ಅದರ ಎರಡು ಮೂರು ಪಟ್ಟು. ಅದಕ್ಕೇ ಪೈಪ್ ಎಳೆದು ಬಿಗಿದು ಜಾಯಿಂಟ್ ಮಾಡಬೇಡಿ. ಭಾರದ ಲೆಕ್ಕವೂ ಇದೆ: 200 ಲೀಟರ್ ನೀರು ಅಂದರೆ 200 ಕೆಜಿ, ಜೊತೆಗೆ ಟಬ್ಬು, ಒಳಗೆ ಕೂತ ಮನುಷ್ಯ. ಕಲ್ಲಿನ ಟಬ್ಬಾದರೆ ಅದೇ 100 ಕೆಜಿ ದಾಟುತ್ತದೆ. ಈ ಭಾರವೆಲ್ಲ ಕಾಲುಗಳ ಮೇಲೆ ಬೀಳಬೇಕು, ಟ್ರ್ಯಾಪಿನ ಮೇಲೆ ಒಂದು ಕೆಜಿಯೂ ಬೀಳಬಾರದು. ಕಾಲಿನ ಬೋಲ್ಟ್ ತಿರುಗಿಸಿ ರಸಮಟ್ಟದಲ್ಲಿ ಸಮ ಮಾಡಿ. ಟಬ್ಬಿನೊಳಗೆ ಕಂಪನಿಯವರೇ ವಾಟ ಕೊಟ್ಟಿರುತ್ತಾರೆ, ನೀವು ಬೇರೆ ಓರೆ ಮಾಡಬೇಡಿ. ಎತ್ತುವುದಕ್ಕೆ ನಾಲ್ಕು ಜನ ಬೇಕು. ಇಬ್ಬರೇ ಎತ್ತಿ ಸೊಂಟ ಹಿಡಿಸಿಕೊಂಡು ಊರಿಗೆ ಹೋದವರನ್ನು ನೀವೂ ಕಂಡಿರುತ್ತೀರಿ.

ಈಗ ಟೆಸ್ಟ್. ಸಿಲಿಕಾನ್ ಗನ್ ಮುಟ್ಟುವ ಮೊದಲು, ಟಬ್ ಇನ್ನೂ ದಿಮ್ಮಿಯ ಮೇಲಿರುವಾಗಲೇ ತಾತ್ಕಾಲಿಕವಾಗಿ ಜೋಡಿಸಿ ಒಮ್ಮೆ, ಇಳಿಸಿದ ಮೇಲೆ ಇನ್ನೊಮ್ಮೆ. ಅರ್ಧ ತುಂಬಿಸಿ ನೋಡಿದರೆ ಟೆಸ್ಟ್ ಅಲ್ಲ. ಓವರ್‌ಫ್ಲೋ ತೂತಿನವರೆಗೂ ತುಂಬಿಸಿ, ಅದರಲ್ಲಿ ನೀರು ಹೋಗಲು ಬಿಡಿ. ಎರಡು ಪದರದ ಟಬ್ಬಿನಲ್ಲಿ ಓವರ್‌ಫ್ಲೋ ಪೈಪ್ ಒಳಗೇ ಅಡಗಿರುತ್ತದೆ, ಅದರ ವಾಷರ್ ಸರಿಯಿಲ್ಲದಿದ್ದರೆ ಟಬ್ ಪೂರ್ತಿ ತುಂಬಿದ ದಿನ ಮಾತ್ರ ಸೋರುತ್ತದೆ. ಆ ದಿನ ನೀವು ಅಲ್ಲಿರುವುದಿಲ್ಲ. ಪ್ರತಿ ಜಾಯಿಂಟಿನ ಸುತ್ತ ಒಣ ಟಿಶ್ಯೂ ಪೇಪರ್ ಒತ್ತಿ ನೋಡಿ, ಬೆರಳಿಗೆ ಗೊತ್ತಾಗದ ತೇವ ಪೇಪರಿಗೆ ಗೊತ್ತಾಗುತ್ತದೆ. ಬಿಸಿನೀರಿನ ಲೈನ್ ಬಂದಿದ್ದರೆ ಬಿಸಿನೀರಲ್ಲೂ ಒಮ್ಮೆ. ಆಮೇಲೆ ಪ್ಲಗ್ ಎತ್ತಿ ಗಡಿಯಾರ ನೋಡಿ. ಯುರೋಪಿನ ಲೆಕ್ಕದಲ್ಲಿ ಟಬ್ಬಿನ ಹೊರಹರಿವು ಸೆಕೆಂಡಿಗೆ 0.8 ಲೀಟರ್, ಹಾಗೆ ನೋಡಿದರೆ 200 ಲೀಟರ್ ಖಾಲಿಯಾಗಲು ನಾಲ್ಕು ನಿಮಿಷದ ಮೇಲೆ ಸ್ವಲ್ಪ. ಹತ್ತು ನಿಮಿಷವಾದರೂ ನಿಂತಿದ್ದರೆ ಎಲ್ಲೋ ಕಟ್ಟಿದೆ, ಇಲ್ಲವೇ ಗಾಳಿ ಸಿಕ್ಕಿದೆ. ಕಿವಿಯನ್ನೂ ಕೊಡಿ. ಕೊನೆಯಲ್ಲಿ ಬೇಸಿನ್ನೋ ಫ್ಲೋರ್ ಟ್ರ್ಯಾಪೋ ಗುಳುಕ್ ಅಂದರೆ ಅದರ ಸೀಲನ್ನು ನಿಮ್ಮ ಟಬ್ಬು ಎಳೆಯುತ್ತಿದೆ ಅಂತ ಅರ್ಥ, ವೆಂಟ್ ಪೈಪಿನ ತಕರಾರು. ಅದು ನಿಮ್ಮ ನಟ್‌ನ ತಪ್ಪಲ್ಲ, ಆದರೆ ಹೇಳಬೇಕಾದವರು ನೀವೇ.

ಟಬ್ಬಿನ ಟ್ರ್ಯಾಪಿಗೆ 50 ಎಂಎಂ ಸೀಲ್ ಸಾಕು, ವಾಶ್‌ಬೇಸಿನ್ನಿಗೆ ಮಾತ್ರ ಬ್ರಿಟನ್ನಿನವರು 75 ಯಾಕೆ ಕೇಳುತ್ತಾರೆ ಅಂತ ಕೆಲವರು ಕೇಳಿದ್ದುಂಟು. ಬೇಸಿನ್ ಬೋಗುಣಿಯ ಹಾಗೆ, ನೀರು ಒಮ್ಮೆಲೇ ಸುಳಿ ಸುತ್ತಿ ಹೋಗುವಾಗ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಟಬ್ಬಿನ ತಳ ಅಗಲ, ಚಪ್ಪಟೆ. ಕೊನೆಯ ನೀರು ಮೆಲ್ಲಗೆ ತೊಟ್ಟಿಕ್ಕುತ್ತಾ ಬಂದು ಟ್ರ್ಯಾಪನ್ನು ತಾನೇ ಮತ್ತೆ ತುಂಬಿಸುತ್ತದೆ.

ಟೆಸ್ಟ್ ನಡೆಯುವಾಗ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ: ಫ್ಲಾಟ್ ನಂಬರ್ ಕಾಣುವ ಹಾಗೆ ಬಾಗಿಲು, ಜೋಡಿಸಿದ ಟ್ರ್ಯಾಪ್, ತುಂಬಿದ ಟಬ್ಬು, ಒಣಗಿದ ಟಿಶ್ಯೂ. ಸೈಟಿನಲ್ಲಿ ಕ್ಯಾಮೆರಾಕ್ಕೆ ಅನುಮತಿ ಇಲ್ಲದಿದ್ದರೆ ಫೋರ್‌ಮನ್ ಫೋನಿನಲ್ಲೇ ತೆಗೆಸಿ. ನಿಮ್ಮ ನಂತರ ಆ ಬಾತ್‌ರೂಮಿಗೆ ಬರುವ ಯಾರಾದರೂ ಟಬ್ಬನ್ನು ಪಕ್ಕಕ್ಕೆ ತಳ್ಳಿ ಕೆಲಸ ಮಾಡಿ ವಾಪಸ್ ತಳ್ಳಬಹುದು. ಆರು ತಿಂಗಳ ಮೇಲೆ ಹೆಸರು ಕೂಗುವಾಗ ಮಾತಿಗಿಂತ ತಾರೀಖು ಇರುವ ಫೋಟೋ ಗಟ್ಟಿ.

"ಇಷ್ಟೆಲ್ಲ ಮಾಡೋಕೆ ಟೈಮ್ ಎಲ್ಲಿ ಕೊಡ್ತಾರೆ? ದಿನಕ್ಕೆ ಇಷ್ಟು ಟಬ್ ಅಂತ ಟಾರ್ಗೆಟ್ ಇರತ್ತೆ, ಯಲ್ಲಾ ಯಲ್ಲಾ ಅಂತಾರೆ." ಈ ಮಾತು ಬರುತ್ತದೆ ಅಂತ ಗೊತ್ತು, ಸುಳ್ಳೂ ಅಲ್ಲ. ಒಂದು ಟಬ್ ತುಂಬಿ ಖಾಲಿಯಾಗುವ ಹೊತ್ತಿಗೆ ಪಕ್ಕದ ಫ್ಲಾಟಿನಲ್ಲಿ ಇನ್ನೊಂದರ ಕಪ್ಲಿಂಗ್ ಹಾಕಬಹುದು, ಇಬ್ಬರಿದ್ದರೆ ಹಾಗೆ ಹಂಚಿಕೊಳ್ಳಿ. ಬೇಸಿಗೆಯಲ್ಲಿ ಎಸಿ ಇನ್ನೂ ಶುರುವಾಗದ ಟವರಿನ ಬಾತ್‌ರೂಮ್ ಒಲೆಯ ಹಾಗಿರುತ್ತದೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಹೊರಗಿನ ಕೆಲಸ ಮಾಡಿಸಬಾರದು ಅಂತ 2021ರ ನಿಯಮ ಇದೆ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಕೆಲಸದ ಜಾಗದಲ್ಲಿ ಬಿಸಿ, ತೇವ, ಗಾಳಿ ಎಲ್ಲ ಸೇರಿಸಿ ಅಳೆಯುವ ಡಬ್ಲ್ಯೂಬಿಜಿಟಿ ಮಾಪನ 32.1 ಡಿಗ್ರಿ ದಾಟಿದರೆ ಕೆಲಸ ನಿಲ್ಲಬೇಕು. ಹೊತ್ತು ಎಷ್ಟಾಗಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಸೇಫ್ಟಿಯವರ ಹತ್ತಿರ ಆ ಮೀಟರ್ ಇರುತ್ತದೆ, ಎಷ್ಟಿದೆ ಅಂತ ಕೇಳಿ.

ಕೈಕೆಲಸ ಗೊತ್ತಿದ್ದೂ ಹೆಲ್ಪರ್ ಅಂತಲೇ ವೀಸಾದಲ್ಲಿ ಬಂದವರು ನಮ್ಮಲ್ಲಿ ಕಡಿಮೆಯಿಲ್ಲ. ಗಲ್ಫಿನ ಸೈಟುಗಳಲ್ಲಿ ಒಡಿಶಾದ ಕೇಂದ್ರಾಪಾಡಾ ಕಡೆಯ ಪ್ಲಂಬರುಗಳನ್ನು ನೋಡಿ. ಆ ಜಿಲ್ಲೆ ಈ ಕಸುಬಿಗೇ ಹೆಸರಾಗಿದೆ, ಅಲ್ಲಿನ ಪಟ್ಟಾಮುಂಡೈನಲ್ಲಿ ಪ್ಲಂಬಿಂಗ್ ಕಲಿಸಲೆಂದೇ ಸರ್ಕಾರಿ ಸಂಸ್ಥೆ ಇದೆ. ಅಣ್ಣ ತಮ್ಮನಿಗೆ, ಮಾವ ಅಳಿಯನಿಗೆ ಕಲಿಸಿ ಕರೆತರುತ್ತಾರೆ. ನಮ್ಮ ರಾಜ್ಯದಲ್ಲೂ ಐಟಿಐಗಳಲ್ಲಿ ಒಂದು ವರ್ಷದ ಪ್ಲಂಬರ್ ಟ್ರೇಡ್ ಇದೆ. ಈಗಾಗಲೇ ಕೆಲಸ ಬಲ್ಲವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ವ್ಯವಸ್ಥೆಯೂ ಭಾರತದಲ್ಲಿದೆ. ಊರಿಗೆ ರಜೆ ಹೋದಾಗ ವಿಚಾರಿಸಿ. ಮುಂದಿನ ಕಾಂಟ್ರಾಕ್ಟ್ ಮಾತಾಡುವಾಗ "ಪ್ಲಂಬರ್" ಅಂತ ಕಾಗದದಲ್ಲಿ ಇರುವುದಕ್ಕೂ ಬಾಯಲ್ಲಿ ಹೇಳುವುದಕ್ಕೂ ಸಂಬಳದಲ್ಲಿ ವ್ಯತ್ಯಾಸ ಬೀಳುತ್ತದೆ.

ಇನ್ನು ಮೇಂಟೆನೆನ್ಸ್ ಕೆಲಸದಲ್ಲಿರುವ ಗೆಳೆಯರಿಗೆ ಒಂದು ಮಾತು. ಲುಸೈಲ್‌ನಲ್ಲಿ ಬೀಗ ಹಾಕಿದ ಫ್ಲಾಟುಗಳು ಇನ್ನೂ ಇವೆ, ಬೇಸಿಗೆಗೆ ಮನೆಯವರೆಲ್ಲ ದೇಶ ಬಿಟ್ಟು ಹೋಗುವುದೂ ಇದೆ. ಎಷ್ಟು ಚೆನ್ನಾಗಿ ಫಿಟ್ ಮಾಡಿದ ಟ್ರ್ಯಾಪಾದರೂ ಯಾರೂ ನೀರು ಬಿಡದಿದ್ದರೆ ಒಣಗುತ್ತದೆ, ಎಸಿಯ ಒಣ ಗಾಳಿ ಬೇರೆ. ವಾಸನೆ ಅಂತ ಕಂಪ್ಲೇಂಟ್ ಬಂದರೆ ಟಬ್ ಎತ್ತುವ ಮಾತಾಡುವ ಮೊದಲು ಟಬ್ಬಿಗೊಂದು, ಫ್ಲೋರ್ ಟ್ರ್ಯಾಪಿಗೊಂದು ಬಕೆಟ್ ನೀರು ಸುರಿದು ಒಂದು ಗಂಟೆ ಬಿಟ್ಟು ಬನ್ನಿ. ಅನೇಕ ಸಲ ಅಷ್ಟರಲ್ಲೇ ಮುಗಿಯುತ್ತದೆ. ಮತ್ತೆ ತಿಂಗಳುಗಟ್ಟಲೆ ಮುಚ್ಚಿಡುವ ಫ್ಲಾಟಾದರೆ ನೀರಿನ ಮೇಲೆ ನಾಲ್ಕು ಚಮಚ ಅಡುಗೆ ಎಣ್ಣೆ ಹಾಕಿ. ಎಣ್ಣೆ ಮೇಲೆ ತೇಲಿ ಆವಿಯಾಗುವುದನ್ನು ನಿಧಾನ ಮಾಡುತ್ತದೆ. ಕ್ಯಾಂಪಿನ ಬಾತ್‌ರೂಮುಗಳಲ್ಲಿ ಉಪಯೋಗಿಸದ ಮೂಲೆಯ ಫ್ಲೋರ್ ಟ್ರ್ಯಾಪಿಗೂ ಇದೇ ಔಷಧಿ. ಶುಕ್ರವಾರ ಬಟ್ಟೆ ಒಗೆದ ಮೇಲೆ ಕೊನೆಯ ಬಕೆಟ್ ಅಲ್ಲಿಗೆ ಸುರಿಯಿರಿ.